ಗಂಟು ಒಬ್ಬರದು, ಕೀಲಿ ಇನ್ನೊಬ್ಬರದು

ಗೇಮ್ ಬಂಡಲ್, ಅಂದರೆ ಹಲವು ಗೇಮುಗಳನ್ನು ಒಟ್ಟಿಗೆ ಕಟ್ಟಿ ಅಗ್ಗಕ್ಕೆ ಮಾರುವ ಗಂಟು, ಕೊಂಡಾಗ ಕೈಗೆ ಸಿಗುವುದು ಗೇಮಿಗೊಂದರಂತೆ ಒಂದು ಸಾಲು ಅಕ್ಷರ. ಇದಕ್ಕೇ ಕೀ ಎನ್ನುತ್ತಾರೆ. ಐದೈದು ಅಕ್ಷರ, ಅಂಕಿಗಳ ಮೂರು ತುಂಡು, ನಡುವೆ ಅಡ್ಡಗೆರೆ. ದುಡ್ಡು ಕೊಟ್ಟದ್ದು ಬಂಡಲ್ ಮಾರಿದ ಸೈಟಿಗೆ. ಆದರೆ ಆ ಸಾಲನ್ನು ಅಲ್ಲಿ ಹಾಕಿದರೆ ಏನೂ ಆಗದು. ಕಾಪಿ ಮಾಡಿಕೊಂಡು ಇನ್ನೊಂದು ಅಂಗಡಿಗೆ ಹೋಗಿ, ಅಲ್ಲಿ ಲಾಗಿನ್ ಆಗಿ, ಅಲ್ಲಿ ಅಂಟಿಸಬೇಕು. ಗೇಮ್ ಸೇರುವುದು ಆ ಅಂಗಡಿಯಲ್ಲಿರುವ ನಿಮ್ಮ ಲೈಬ್ರರಿಗೆ. ಪಿಸಿ ಗೇಮುಗಳ ಲೋಕದಲ್ಲಿ ಆ ಇನ್ನೊಂದು ಅಂಗಡಿ ಬಹುಪಾಲು ಸ್ಟೀಮ್.

ರಿಯಾಯಿತಿ ಬಂಡಲ್‌ಗಳಿಂದ ಮಿಕ್ಕ ಡಿಜಿಟಲ್ ಅಂಗಡಿಗಳಿಗೆ ಏನಾಗುತ್ತದೆ ಎಂದು ಕೇಳಿದರೆ ಎಲ್ಲರೂ ಬೆಲೆಯ ಮಾತಿಗೇ ಇಳಿಯುತ್ತಾರೆ. ಇಷ್ಟು ಅಗ್ಗಕ್ಕೆ ಕೊಟ್ಟರೆ ಉಳಿದವರು ಮಾರುವುದು ಹೇಗೆ ಎನ್ನುತ್ತಾರೆ. ಬೆಲೆಯ ಪೆಟ್ಟು ಇರುವುದು ನಿಜ, ಅದನ್ನೂ ನೋಡೋಣ. ಆದರೆ ಈ ವ್ಯಾಪಾರದಲ್ಲಿ ಯಾರು ಬೆಳೆದರು, ಯಾರು ಬಾಗಿಲು ಹಾಕಿದರು ಎಂದು ಹಿಂತಿರುಗಿ ನೋಡಿದರೆ, ಗಂಟಿನ ಬೆಲೆಗಿಂತ ಗಂಟಿನೊಳಗಿನ ಕೀ ಯಾವ ಅಂಗಡಿಯದು ಎಂಬುದೇ ಹೆಚ್ಚು ತೂಗಿದೆ ಎಂದು ನನಗನಿಸುತ್ತದೆ.

ಮನಸ್ಸಿಗೆ ಬಂದಷ್ಟು ಕೊಡಿ

2010ರ ಮೇ ತಿಂಗಳು. ವುಲ್ಫೈರ್ ಗೇಮ್ಸ್ ಎಂಬ ಪುಟ್ಟ ಅಮೆರಿಕನ್ ಗೇಮ್ ಕಂಪನಿ ಐದು ಸ್ವತಂತ್ರ ಗೇಮುಗಳನ್ನು, ಅಂದರೆ ಸಣ್ಣ ತಂಡಗಳು ತಾವೇ ಮಾಡಿದ ‘ಇಂಡೀ’ ಗೇಮುಗಳನ್ನು, ಒಟ್ಟುಗೂಡಿಸಿ ‘ಹಂಬಲ್ ಇಂಡೀ ಬಂಡಲ್’ ಎಂದು ಹೆಸರಿಟ್ಟು ಮಾರಾಟಕ್ಕಿಟ್ಟಿತು. ವರ್ಲ್ಡ್ ಆಫ್ ಗೂ, ಅಕ್ವೇರಿಯಾ ಅದರಲ್ಲಿದ್ದವು. ಬೆಲೆ ಕೊಳ್ಳುವವರ ಮರ್ಜಿ. ಕೊಟ್ಟ ಹಣದಲ್ಲಿ ಗೇಮ್ ಮಾಡಿದವರಿಗೆ ಎಷ್ಟು, ದಾನಕ್ಕೆ ಎಷ್ಟು, ಬಂಡಲ್ ನಡೆಸುವವರಿಗೆ ಎಷ್ಟು ಎಂಬುದನ್ನೂ ಕೊಳ್ಳುವವರೇ ಪರದೆಯ ಮೇಲೆ ಗುಂಡಿ ಸರಿಸಿ ಹಂಚಬಹುದಿತ್ತು. ಪುಕ್ಕಟೆಯ ಹತ್ತಿರ ಹತ್ತಿರ ಸಿಗುವ ಗೇಮಿಗೆ ಜನ ದುಡ್ಡು ಕೊಟ್ಟಾರೆಯೇ ಎಂಬ ಅನುಮಾನ ಎರಡೇ ವಾರದಲ್ಲಿ ಕರಗಿತು. 12 ಲಕ್ಷ ಡಾಲರಿಗೂ ಹೆಚ್ಚು ಸೇರಿತ್ತು.

ಅದೇ ವರ್ಷದ ಡಿಸೆಂಬರಿನ ಎರಡನೇ ಬಂಡಲ್‌ನಲ್ಲಿ ಇನ್ನೊಂದು ಚಳಕ ಬಂತು. ಈವರೆಗೆ ಜನ ಕೊಟ್ಟ ಹಣದ ಸರಾಸರಿಗಿಂತ ಹೆಚ್ಚು ಕೊಟ್ಟರೆ ಇನ್ನಷ್ಟು ಗೇಮು. ಕೊಸರು ಕೇಳುವವರ ಮನಸ್ಸು ಬಲ್ಲ ಯಾವ ವ್ಯಾಪಾರಿಗೂ ಇದರ ಜಾಣ್ಮೆ ಗೊತ್ತಾಗುತ್ತದೆ. ಒಬ್ಬರು ಸರಾಸರಿ ದಾಟಿದರೆ ಸರಾಸರಿಯೇ ಕೊಂಚ ಮೇಲೇರುತ್ತದೆ, ಹಿಂದೆ ಬರುವವರು ಅದಕ್ಕೂ ಕೊಂಚ ಹೆಚ್ಚು ಕೊಡಬೇಕು. ಬೆಲೆ ಕೊಳ್ಳುವವರ ಮರ್ಜಿ ಎಂದು ಶುರುವಾದದ್ದು ಸದ್ದಿಲ್ಲದೆ ಹರಾಜಿನ ಹತ್ತಿರ ಬಂದು ನಿಂತಿತು.

ಮೊದಮೊದಲು ಬಂಡಲ್ ಎಂದರೆ ಯಾವ ಅಂಗಡಿಯ ಹಂಗೂ ಇಲ್ಲದ, ಬೀಗವಿಲ್ಲದ (ನಕಲು ತಡೆಯುವ ತಂತ್ರವಿಲ್ಲದ) ನೇರ ಡೌನ್‌ಲೋಡ್. ಆದರೆ ಕೊಂಡವರು ಕೇಳಿದ್ದು ಬೇರೆ. ‘ಇದನ್ನು ನನ್ನ ಸ್ಟೀಮ್ ಲೈಬ್ರರಿಗೆ ಹಾಕಿಕೊಳ್ಳಬಹುದೇ?’ ಬೇಗನೆ ಸ್ಟೀಮ್ ಕೀಗಳೂ ಬಂಡಲ್ ಜೊತೆ ಬರತೊಡಗಿದವು. 2012ರ ನವೆಂಬರಿನಲ್ಲಿ ದೊಡ್ಡ ಪಬ್ಲಿಷರ್ ಟಿಎಚ್‌ಕ್ಯೂ ತನ್ನ ಗೇಮುಗಳನ್ನು ಈ ಬಂಡಲ್‌ಗಳನ್ನು ನಡೆಸುವ ಹಂಬಲ್ ತಾಣದ ಮೂಲಕ ಮಾರಿದಾಗ ನೇರ ಡೌನ್‌ಲೋಡ್ ಇರಲೇ ಇಲ್ಲ, ಬರೀ ಸ್ಟೀಮ್ ಕೀ. ಆ ಬಂಡಲ್ 50 ಲಕ್ಷ ಡಾಲರ್ ದಾಟಿತು. ಬೀಗವಿಲ್ಲದ ಗೇಮು ಬೇಕು ಎಂದು ಬಾಯಲ್ಲಿ ಹೇಳಿದ ಜನ ಕೈಯಿಂದ ಆರಿಸಿದ್ದು ಅನುಕೂಲವನ್ನು. ಅವರನ್ನು ದೂರಿ ಫಲವಿಲ್ಲ. ಗೆಳೆಯರ ಪಟ್ಟಿ, ಸೇವ್ ಫೈಲು, ಅಪ್‌ಡೇಟು ಎಲ್ಲ ಒಂದೇ ಕಡೆ ಇರಲಿ ಎಂದು ಯಾರಿಗಾದರೂ ಅನಿಸುತ್ತದೆ.

ಗಂಟು ಕಟ್ಟಿದರೆ ಲಾಭ ಹೇಗೆ

ಇಷ್ಟು ಅಗ್ಗಕ್ಕೆ ಮಾರಿಯೂ ಯಾಕೆ ನಷ್ಟವಾಗುವುದಿಲ್ಲ ಎಂಬುದು ತಿಳಿಯದೆ ಮುಂದಿನದು ಅರ್ಥವಾಗದು. ಹಾಗಾಗಿ ಒಂದು ಸಣ್ಣ ಲೆಕ್ಕ.

ಎರಡು ಗೇಮುಗಳಿವೆ ಎನ್ನಿ. ಒಂದು ತಂತ್ರಗಾರಿಕೆಯದು, ಇನ್ನೊಂದು ಹೆದರಿಸುವಂಥದ್ದು. ಕೊಳ್ಳುವವರೂ ಇಬ್ಬರೇ: ಒಬ್ಬಳು, ಒಬ್ಬ. ಅವಳಿಗೆ ತಂತ್ರದ ಗೇಮಿಗೆ 9 ಡಾಲರ್ ಕೊಡಲು ಮನಸ್ಸಿದೆ, ಹೆದರಿಸುವುದಕ್ಕೆ 2 ಡಾಲರ್ ಮೇಲೆ ಕೊಡಲಾರಳು. ಅವನದು ತಿರುಗುಮುರುಗು: ಹೆದರಿಸುವುದಕ್ಕೆ 8, ತಂತ್ರಕ್ಕೆ 2. ಬಿಡಿಬಿಡಿಯಾಗಿ ಮಾರಿದರೆ ಒಂದಕ್ಕೆ 9, ಇನ್ನೊಂದಕ್ಕೆ 8 ಬೆಲೆ ಇಡುವುದೇ ಜಾಣತನ. ಒಬ್ಬೊಬ್ಬರು ಒಂದೊಂದು ಕೊಳ್ಳುತ್ತಾರೆ, ಒಟ್ಟು 17 ಡಾಲರ್. ಈಗ ಎರಡನ್ನೂ ಗಂಟು ಕಟ್ಟಿ 10 ಡಾಲರ್ ಎನ್ನಿ. ಅವಳ ಲೆಕ್ಕಕ್ಕೆ ಗಂಟು 11ರದು, ಅವನ ಲೆಕ್ಕಕ್ಕೆ 10ರದು. ಇಬ್ಬರೂ ಕೊಳ್ಳುತ್ತಾರೆ. 20 ಡಾಲರ್. ಬೆಲೆ ಇಳಿದಂತೆ ಕಂಡಿತು, ಗಲ್ಲಾಪೆಟ್ಟಿಗೆಗೆ ಮೂರು ಡಾಲರ್ ಜಾಸ್ತಿಯೇ ಬಿತ್ತು.

ಇದು ಹಳೆಯ ಅರ್ಥಶಾಸ್ತ್ರ. ಸಿನಿಮಾ ಹಂಚಿಕೆದಾರರು ಚಿತ್ರಗಳನ್ನು ಗುಂಪಾಗಿಯೇ ಮಾರುತ್ತಿದ್ದುದು ಯಾಕೆ ಎಂದು ಜಾರ್ಜ್ ಸ್ಟಿಗ್ಲರ್ 1963ರಲ್ಲಿ ವಿವರಿಸಿದ್ದು ಹೆಚ್ಚುಕಡಿಮೆ ಇದೇ ತರ್ಕದಿಂದ. ಡಿಜಿಟಲ್ ಸರಕಿಗೆ ಇದು ಇನ್ನೂ ಚೆನ್ನಾಗಿ ಒಗ್ಗುತ್ತದೆ ಎಂದು 1999ರಲ್ಲಿ ಯಾನಿಸ್ ಬಾಕೋಸ್ ಮತ್ತು ಎರಿಕ್ ಬ್ರಿನ್ಯೋಲ್ಫ್‌ಸನ್ ತೋರಿಸಿದರು. ಇನ್ನೊಂದು ಪ್ರತಿ ಕೊಡಲು ಖರ್ಚೇ ಇಲ್ಲವಾದ್ದರಿಂದ, ಯಾರಿಗೂ ಬೇಡವಾದ ಗೇಮನ್ನು ಗಂಟಿಗೆ ಸೇರಿಸಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ವಸ್ತುಗಳ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬರ ರುಚಿಯ ಏರಿಳಿತ ಸಮವಾಗಿ, ಇಡೀ ಗಂಟಿಗೆ ಜನ ಎಷ್ಟು ಕೊಟ್ಟಾರೆಂದು ಊಹಿಸುವುದು ಸುಲಭವಾಗುತ್ತದೆ.

ಪ್ರತಿಸ್ಪರ್ಧಿಗೆ ಪೆಟ್ಟು ಬೀಳುವ ಜಾಗವೂ ಇದೇ. ಎಂಟು ಗೇಮುಗಳ ಬಂಡಲ್ ಒಂದನ್ನು ನೀವು ಒಂದೇ ಒಂದು ಗೇಮಿನ ಆಸೆಗೆ ಕೊಂಡಿರಿ. ಉಳಿದ ಏಳು ನಿಮ್ಮ ಲೆಕ್ಕದಲ್ಲಿ ಪುಕ್ಕಟೆ. ಆ ಏಳರಲ್ಲಿ ಒಂದು ರೇಸಿಂಗ್ ಗೇಮ್. ಬೇರೆ ಅಂಗಡಿಯಲ್ಲಿ ಇನ್ನೊಂದು ಒಳ್ಳೆಯ ರೇಸಿಂಗ್ ಗೇಮ್ 15 ಡಾಲರಿಗಿದೆ. ಅದು ಈಗ ಸ್ಪರ್ಧಿಸಬೇಕಾದದ್ದು ಸೊನ್ನೆ ಬೆಲೆಯ ಜೊತೆ. ನೀವು ಕೇಳದೆಯೇ ಮನೆಗೆ ಬಂದು ಕೂತ ಗೇಮು, ನೀವು ಕೇಳಿ ಕೊಳ್ಳಬೇಕಾಗಿದ್ದ ಗೇಮಿನ ಜಾಗ ಹಿಡಿಯಿತು. ಬಂಡಲ್ ಮಾರಿದವರಿಗೆ ಆ ಅಂಗಡಿಯ ಮೇಲೆ ಯಾವ ದ್ವೇಷವೂ ಇರಬೇಕಿಲ್ಲ.

ಪುಕ್ಕಟೆ ಕೀಯ ಗುಟ್ಟು

ಸ್ಟೀಮ್ ನಡೆಸುವ ವಾಲ್ವ್ ಕಂಪನಿ ತನ್ನಲ್ಲಿ ಮಾರಾಟವಾದ ಗೇಮಿಗೆ ಶೇ. 30 ಕಮಿಷನ್ ಹಿಡಿಯುತ್ತದೆ. 2018ರ ಕೊನೆಯಲ್ಲಿ ದೊಡ್ಡವರಿಗೆ ಕೊಂಚ ರಿಯಾಯಿತಿ ಬಂತು: ಒಂದು ಗೇಮಿನ ವರಮಾನ 1 ಕೋಟಿ ಡಾಲರ್ ದಾಟಿದ ಮೇಲೆ ಶೇ. 25, 5 ಕೋಟಿ ದಾಟಿದ ಮೇಲೆ ಶೇ. 20. ಆದರೆ ಡೆವಲಪರ್‌ಗಳು ಸ್ಟೀಮ್ ಕೀಗಳನ್ನು ಕೇಳಿ ಪಡೆದು ಬೇರೆಡೆ ಮಾರಿದರೆ ಆ ಮಾರಾಟದಲ್ಲಿ ವಾಲ್ವ್‌ಗೆ ಬಿಡಿಗಾಸೂ ಇಲ್ಲ. ಕೀ ಪುಕ್ಕಟೆ, ಅದನ್ನು ಹಾಕಿದವರಿಗೆ ಡೌನ್‌ಲೋಡ್, ಅಪ್‌ಡೇಟು, ಮಲ್ಟಿಪ್ಲೇಯರ್ ಸೌಲಭ್ಯವೂ ಪುಕ್ಕಟೆ.

ಮೊದಲ ನೋಟಕ್ಕೆ ಇದು ವಾಲ್ವ್‌ನ ಔದಾರ್ಯ. ಎರಡನೇ ನೋಟಕ್ಕೆ ಬೇರೆಯೇ ಚಿತ್ರ. ಬಂಡಲ್‌ನಲ್ಲಿ ಮೂಲ ಗೇಮು ಮೂರು ಕಾಸಿಗೆ ಸಿಗುತ್ತದೆ. ಆಡಿ ಇಷ್ಟವಾದವರು ಅದರ ಹೆಚ್ಚುವರಿ ಭಾಗಗಳನ್ನು, ಅಂದರೆ ಡಿಎಲ್‌ಸಿಯನ್ನು, ಕೊಳ್ಳಲು ಹೊರಡುತ್ತಾರೆ. ಮೂಲ ಗೇಮು ಸ್ಟೀಮಿನಲ್ಲಿದ್ದರೆ ಡಿಎಲ್‌ಸಿಯೂ ಸ್ಟೀಮಿನದೇ ಆಗಬೇಕು. ಅಲ್ಲಿ ಶೇ. 30 ಮತ್ತೆ ಹಾಜರು. ಅದರ ಎರಡನೇ ಭಾಗ ಬಂದಾಗ ಜಾಹೀರಾತು ಕಾಣುವುದೂ ಅಲ್ಲೇ. ಹೀಗೆ ಗಿರಾಕಿಯನ್ನು ಹುಡುಕಿ ಕರೆತರುವ ಖರ್ಚು, ಜಾಹೀರಾತು, ದಾನದ ಲೆಕ್ಕಪತ್ರ, ಕಾರ್ಡ್ ಪಾವತಿಯ ತಲೆನೋವು ಎಲ್ಲವೂ ಬಂಡಲ್ ಮಾರುವವರದು. ಗಿರಾಕಿ ಮಾತ್ರ ಕೊನೆಗೆ ಸ್ಟೀಮಿನವರು.

ಅಂದರೆ ಹಂಬಲ್, ಫ್ಯಾನಟಿಕಲ್‌ನಂಥ ಬಂಡಲ್ ಅಂಗಡಿಗಳು ಸ್ಟೀಮಿಗೆ ಏಕಕಾಲಕ್ಕೆ ಪ್ರತಿಸ್ಪರ್ಧಿಯೂ ಹೌದು, ಸಂಬಳವಿಲ್ಲದ ಏಜೆಂಟೂ ಹೌದು. ಆ ವಾರದ ಮಾರಾಟ ಸ್ಟೀಮಿನಿಂದ ತಪ್ಪಿರಬಹುದು, ಆ ಗಿರಾಕಿ ಮುಂದಿನ ಹತ್ತು ವರ್ಷಕ್ಕೆ ಸ್ಟೀಮಿಗೇ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಿರುತ್ತಾರೆ. ಇನ್ನೂರು ಗೇಮು ಒಂದೇ ಲೈಬ್ರರಿಯಲ್ಲಿದ್ದರೆ ಇನ್ನೂರ ಒಂದನೆಯದನ್ನು ಬೇರೆಡೆ ಕೊಳ್ಳಲು ಯಾರಿಗೂ ಕೈ ಬರುವುದಿಲ್ಲ. ನನ್ನ ಲೈಬ್ರರಿಯ ಅರ್ಧಕ್ಕೂ ಹೆಚ್ಚು ಗೇಮು ಬಂಡಲ್‌ಗಳಿಂದ ಬಂದದ್ದು, ಅದರಲ್ಲಿ ಅರ್ಧವನ್ನು ಒಮ್ಮೆಯೂ ತೆರೆದಿಲ್ಲ. ಹಾಗಿದ್ದೂ ಹೊಸ ಗೇಮು ಕೊಳ್ಳುವಾಗ ‘ಎಲ್ಲವೂ ಅಲ್ಲೇ ಇದೆಯಲ್ಲ’ ಎಂಬ ನೆಪ ನನಗೂ ಹೊಳೆಯುತ್ತದೆ.

ಕೀ ಪುಕ್ಕಟೆಯಾದರೆ ದುರುಪಯೋಗವೂ ಬಂದೇ ಬರುತ್ತದೆ. ಬಂಡಲ್‌ಗೆ ಒಂದು ಸೆಂಟ್ ಕೊಟ್ಟರೂ ಸ್ಟೀಮ್ ಕೀ ಸಿಗುತ್ತಿದ್ದ ಕಾಲದಲ್ಲಿ, ಸ್ಟೀಮ್ ನಡೆಸುತ್ತಿದ್ದ ಬಹುಮಾನದ ಸ್ಪರ್ಧೆಗೆ ನುಗ್ಗಲು ಜನ ಸೆಂಟಿಗೊಂದು ಬಂಡಲ್ ಕೊಂಡು ಕಳ್ಳ ಖಾತೆಗಳನ್ನು ಸೃಷ್ಟಿಸಿದರು. 2011ರ ಡಿಸೆಂಬರಿನಲ್ಲಿ ಹಂಬಲ್ ನಿಯಮ ಬದಲಿಸಿತು: ಸ್ಟೀಮ್ ಕೀ ಬೇಕಾದರೆ ಕನಿಷ್ಠ 1 ಡಾಲರ್ ಕೊಡಿ. ಮನಸ್ಸಿಗೆ ಬಂದಷ್ಟು ಕೊಡಿ ಎಂಬ ಮಾತಿಗೆ ಬಿದ್ದ ಮೊದಲ ತೇಪೆ ಅದು.

ಕೀ ಇಲ್ಲದವರ ಪಾಡು

2011ರ ಅಕ್ಟೋಬರಿನಲ್ಲಿ ‘ಇಂಡೀ ರಾಯಲ್’ ಎಂಬ ಇನ್ನೊಂದು ಬಂಡಲ್ ಶುರುವಾಯಿತು. ಅದರ ಬೆನ್ನಿಗಿದ್ದದ್ದು ಡೆಸುರಾ ಎಂಬ ಅಂಗಡಿ, ಸ್ವತಂತ್ರ ಗೇಮುಗಳಿಗೆಂದೇ ಹುಟ್ಟಿದ್ದು. ಯೋಚನೆ ಸರಿಯಾಗಿಯೇ ಇತ್ತು. ಬಂಡಲ್ ತೋರಿಸಿ ಜನರನ್ನು ಕರೆತರುವುದು, ಡೆಸುರಾ ಖಾತೆ ಮಾಡಿಸುವುದು, ಲೈಬ್ರರಿ ಬೆಳೆಸುವುದು. ಆದರೆ ಬಂಡಲ್ ಪುಟ ತೆರೆದವರು ಮೊದಲು ಕೇಳಿದ್ದು ‘ಸ್ಟೀಮ್ ಕೀ ಇದೆಯೇ?’ ಇರುವ ಕಡೆ ಎರಡೂ ಕೀ ಕೊಡಬೇಕಾಯಿತು. ಎರಡೂ ಸಿಕ್ಕವರು ಯಾವುದನ್ನು ಹಾಕಿಕೊಂಡಿರುತ್ತಾರೆ ಎಂದು ಹೇಳಬೇಕಿಲ್ಲ. ಡೆಸುರಾ 2013ರಲ್ಲಿ ಲಿಂಡೆನ್ ಲ್ಯಾಬ್ ಪಾಲಾಯಿತು, ಮರುವರ್ಷ ಬ್ಯಾಡ್ ಜುಜು ಗೇಮ್ಸ್ ಕೈಗೆ ಹೋಯಿತು, 2015ರ ಜೂನ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಡೆಸುರಾ ಮುಳುಗಿದ್ದಕ್ಕೆ ಬಂಡಲ್ ಒಂದೇ ಕಾರಣ ಎನ್ನುವುದು ತಪ್ಪಾಗುತ್ತದೆ. ಆದರೆ ತನ್ನದೇ ಬಂಡಲ್ ಮಾರಲು ಎದುರಾಳಿಯ ಕೀ ಬೇಕಾದ ಅಂಗಡಿಯ ಸ್ಥಿತಿ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆ ಕಾಲದಲ್ಲಿ ಸ್ಟೀಮಿಗೆ ಹೊಸ ಗೇಮು ಸೇರಬೇಕಾದರೆ ‘ಗ್ರೀನ್‌ಲೈಟ್’ ಎಂಬ ಜನಮತದ ಮೂಲಕ ಹೋಗಬೇಕಿತ್ತು. 2012ರಿಂದ 2017ರವರೆಗೆ ಅದು ನಡೆಯಿತು. ಸಣ್ಣ ಬಂಡಲ್ ಸೈಟುಗಳು ಇನ್ನೂ ಪಾಸಾಗದ ಗೇಮುಗಳನ್ನು ಕಾಸಿಗೆ ಮಾರಿ, ‘ನಮಗೆ ವೋಟು ಹಾಕಿ, ಪಾಸಾದರೆ ಸ್ಟೀಮ್ ಕೀ ಕಳಿಸುತ್ತೇವೆ’ ಎನ್ನುತ್ತಿದ್ದವು. ಗೇಮು ಮಾರುತ್ತಿದ್ದದ್ದು ಒಂದು ಅಂಗಡಿ, ಮಾರಾಟದ ಆಮಿಷವೆಲ್ಲ ಇನ್ನೊಂದು ಅಂಗಡಿಗೆ ಮುಂದೆಂದೋ ಸಿಗಬಹುದಾದ ಪ್ರವೇಶದ್ದು!

ಬೈದವರೇ ಗಂಟು ಕಟ್ಟಿದರು

ಬೆಲೆಯ ವಿಷಯಕ್ಕೆ ಬರೋಣ. 2009ರಲ್ಲಿ ಗೇಮ್ ಉದ್ಯಮದ ಡೈಸ್ ಸಮ್ಮೇಳನದಲ್ಲಿ ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ತಮ್ಮ ರಜಾಕಾಲದ ರಿಯಾಯಿತಿ ಮಾರಾಟದ ಅಂಕಿಗಳನ್ನು ಮುಂದಿಟ್ಟರು. ಶೇ. 10 ಇಳಿಸಿದ ಗೇಮುಗಳ ವರಮಾನ ಶೇ. 35 ಏರಿತ್ತು, ಶೇ. 75 ಇಳಿಸಿದವುಗಳದು ಶೇ. 1470. ಗಮನಿಸಿ, ಇದು ಮಾರಾಟವಾದ ಪ್ರತಿಗಳ ಲೆಕ್ಕವಲ್ಲ, ಬಂದ ಹಣದ ಲೆಕ್ಕ. ಇಷ್ಟು ಆದಮೇಲೆ ಬೆಲೆ ಇಳಿಸದೆ ಕೂರಲು ಯಾವ ಅಂಗಡಿಗೂ ಧೈರ್ಯ ಬರಲಿಲ್ಲ.

ಗೊಣಗಾಟ ಮಾತ್ರ ಇತ್ತು. ಬೀಗವಿಲ್ಲದ ಗೇಮುಗಳಿಗೆ ಹೆಸರಾದ ಜಿಒಜಿ ಅಂಗಡಿ 2012ರಲ್ಲಿ, ಇಂಥ ಭಾರಿ ರಿಯಾಯಿತಿಗಳು ಈ ಗೇಮಿಗೆ ಅಷ್ಟೇನೂ ಬೆಲೆಯಿಲ್ಲ ಎಂದು ಜನರಿಗೆ ಕಲಿಸುತ್ತವೆ ಎಂದು ಆಕ್ಷೇಪಿಸಿತು. ಅದೇ ವರ್ಷ ದೊಡ್ಡ ಗೇಮ್ ಪಬ್ಲಿಷರ್ ಇಎ ಕಂಪನಿಯ ‘ಆರಿಜಿನ್’ ಅಂಗಡಿಯ ಮುಖ್ಯಸ್ಥ ಡೇವಿಡ್ ಡಿಮಾರ್ಟಿನಿ, ಶೇ. 75 ರಿಯಾಯಿತಿ ಗೇಮಿನ ಘನತೆಯನ್ನೇ ಅಗ್ಗ ಮಾಡುತ್ತದೆ, ತಾವು ಆ ದಾರಿ ಹಿಡಿಯುವುದಿಲ್ಲ ಎಂದರು.

2013ರ ಆಗಸ್ಟ್ ಬಂತು. ಹಂಬಲ್ ತಾಣದಲ್ಲಿ ‘ಆರಿಜಿನ್ ಬಂಡಲ್’! ಬ್ಯಾಟಲ್‌ಫೀಲ್ಡ್ 3, ಡೆಡ್ ಸ್ಪೇಸ್, ಮಿರರ್ಸ್ ಎಡ್ಜ್, ಸಿಮ್ಸ್ 3. ಇಎ ತನ್ನ ಪಾಲನ್ನೆಲ್ಲ ದಾನಕ್ಕೆ ಬಿಟ್ಟುಕೊಟ್ಟಿತು. 20 ಲಕ್ಷಕ್ಕೂ ಹೆಚ್ಚು ಬಂಡಲ್ ಮಾರಾಟವಾಗಿ 1 ಕೋಟಿ ಡಾಲರಿಗೂ ಮಿಕ್ಕಿ ಹಣ ಸೇರಿತು. ನಗಬಹುದು, ಆದರೆ ಇಎ ಬುದ್ಧಿವಂತಿಕೆಯನ್ನೇ ತೋರಿಸಿತ್ತು. ಆ ಬಂಡಲ್‌ನ ಕೆಲವು ಗೇಮುಗಳಿಗೆ ಸ್ಟೀಮ್ ಕೀ ಕೂಡ ಇತ್ತು, ಆದರೆ ಬ್ಯಾಟಲ್‌ಫೀಲ್ಡ್ 3ರಂಥವಕ್ಕೆ ಆರಿಜಿನ್ ಖಾತೆಯೇ ಬೇಕಿತ್ತು. ಹಳೆಯ ಗೇಮುಗಳಿಂದ ಬರಬಹುದಾಗಿದ್ದ ಲಾಭ ಬಿಟ್ಟು, ಸ್ಟೀಮ್ ಬಿಟ್ಟು ಕದಲದಿದ್ದ ಲಕ್ಷಾಂತರ ಜನರಿಂದ ತನ್ನ ಅಂಗಡಿಗೆ ಹೆಸರು ನೋಂದಾಯಿಸಿಕೊಂಡಿತು. ಬಂಡಲ್ ಎಂಬ ಅದೇ ಆಯುಧವನ್ನು ಕೀ ಬದಲಿಸಿ ತಿರುಗಿಸಿ ಹಿಡಿದದ್ದು.

ಇದರ ತುತ್ತತುದಿಗೆ ಹೋದದ್ದು ಎಪಿಕ್. 2018ರ ಡಿಸೆಂಬರಿನಲ್ಲಿ ಶುರುವಾದ ಎಪಿಕ್ ಗೇಮ್ಸ್ ಸ್ಟೋರ್ ಡೆವಲಪರ್‌ಗಳಿಂದ ಹಿಡಿದದ್ದು ಶೇ. 12 ಕಮಿಷನ್. ಜನರಿಗೆ ಮೊದಲು ಎರಡು ವಾರಕ್ಕೊಂದು, ಆಮೇಲೆ ವಾರವಾರವೂ ಪುಕ್ಕಟೆ ಗೇಮು. ಇದು ಬೆಲೆ ಸೊನ್ನೆಯಾದ, ಕಂತಿನಲ್ಲಿ ಬರುವ ಬಂಡಲ್ ಎಂದುಕೊಳ್ಳಬಹುದು. ಇದರ ಖರ್ಚು ಹೊರಗೆ ಬಂದದ್ದು ಆಪಲ್ ವಿರುದ್ಧ ಎಪಿಕ್ ಹೂಡಿದ ಮೊಕದ್ದಮೆಯ ದಾಖಲೆಗಳಿಂದ, 2021ರಲ್ಲಿ. ಮೊದಲ ಒಂಬತ್ತು ತಿಂಗಳ ಪುಕ್ಕಟೆ ಗೇಮುಗಳಿಗೆ ಎಪಿಕ್ ಡೆವಲಪರ್‌ಗಳಿಗೆ ಕೊಟ್ಟದ್ದು ಸುಮಾರು 1.16 ಕೋಟಿ ಡಾಲರ್. ಬಂದ ಹೊಸ ಖಾತೆಗಳು 50 ಲಕ್ಷದ ಆಸುಪಾಸು. ತಲೆಗೆ ಎರಡೂ ಚಿಲ್ಲರೆ ಡಾಲರ್. ಗಿರಾಕಿಯನ್ನು ಹಿಡಿಯಲು ಇದು ಅಗ್ಗದ ದರವೇ. ಆದರೆ ಪುಕ್ಕಟೆ ಗೇಮು ಪಡೆದು ಲೈಬ್ರರಿ ತುಂಬಿಸಿಕೊಂಡವರು ಹಣ ಕೊಟ್ಟು ಕೊಳ್ಳುವಾಗಲೂ ಅಲ್ಲಿಗೇ ಬರುತ್ತಾರೆಂಬ ಖಾತ್ರಿ ಆ ದರದಲ್ಲಿ ಸೇರಿಲ್ಲ. ಹಾಜರಿ ಹಾಕಿ ಪ್ರಸಾದ ಪಡೆದು ಹೋಗುವವರೆಲ್ಲ ಭಕ್ತರಾಗಿರುವುದಿಲ್ಲ.

ಎದುರಾಳಿಯ ಲೈಬ್ರರಿಯ ಹಿಡಿತ ಸಡಿಲಿಸಲು ಜಿಒಜಿ ಮಾಡಿದ ಪ್ರಯತ್ನ ನನಗೆ ಇನ್ನೂ ಇಷ್ಟ. 2016ರ ‘ಜಿಒಜಿ ಕನೆಕ್ಟ್’ನಲ್ಲಿ ನಿಮ್ಮ ಸ್ಟೀಮ್ ಖಾತೆಯನ್ನು ಜೋಡಿಸಿದರೆ, ಅಲ್ಲಿ ನಿಮ್ಮದಾಗಿದ್ದ ಆಯ್ದ ಕೆಲವು ಗೇಮುಗಳ ಬೀಗವಿಲ್ಲದ ಪ್ರತಿ ಜಿಒಜಿಯಲ್ಲೂ ಪುಕ್ಕಟೆ ಸಿಗುತ್ತಿತ್ತು. ಬಂಡಲ್‌ಗಳು ಕೂಡಿಟ್ಟ ಗುಡ್ಡೆಯನ್ನೇ ನಕಲು ಮಾಡಿಕೊಳ್ಳುವ ಉಪಾಯ. ಗೇಮ್ ಪಬ್ಲಿಷರ್‌ಗಳ ಒಪ್ಪಿಗೆ ಬೇಕಾದ್ದರಿಂದ ಪಟ್ಟಿ ಯಾವಾಗಲೂ ಚಿಕ್ಕದಾಗಿಯೇ ಉಳಿಯಿತು.

ಗಂಟು ಬಿಚ್ಚಿ ಮಾರುವವರು

ಬಂಡಲ್‌ನಿಂದ ನಿಜಕ್ಕೂ ನಷ್ಟ ಅನುಭವಿಸುವವರು ಸ್ಟೀಮ್ ಕೀಗಳನ್ನೇ ಬಿಡಿಬಿಡಿಯಾಗಿ, ಪಬ್ಲಿಷರ್‌ಗಳ ಅನುಮತಿ ಪಡೆದು ಮಾರುವ ಅಂಗಡಿಗಳು. ಗ್ರೀನ್ ಮ್ಯಾನ್ ಗೇಮಿಂಗ್‌ನಂಥವು. ಅವರ ಸರಕು ಸ್ಟೀಮಿನದೇ. ಸ್ಟೀಮಿಗಿಂತ ಕಡಿಮೆಗೆ ಮಾರಬೇಕಾದರೆ ತಮ್ಮ ಕಮಿಷನ್ನಿನಲ್ಲೇ ಕೊರೆದುಕೊಂಡು ಕೂಪನ್ ಕೊಡಬೇಕು. ಅಂಥ ಅಂಗಡಿಯಲ್ಲಿ 20 ಡಾಲರಿನ ಗೇಮು 16ಕ್ಕೆ ಕೂತಿರುವಾಗ, ಅದೇ ಗೇಮು ಇನ್ನೊಂದೆಡೆ ಏಳು ಗೇಮುಗಳ ಜೊತೆ 12 ಡಾಲರ್ ಬಂಡಲ್‌ನಲ್ಲಿ ಬಂದರೆ ಆ ಪುಟದ ವ್ಯಾಪಾರ ಅಂದಿಗೆ ಮುಗಿಯಿತು. ಅಂದಿಗೆ ಮಾತ್ರವಲ್ಲ. ಒಂದು ಸಲ ಬಂಡಲ್‌ಗೆ ಬಿದ್ದ ಗೇಮಿನ ಬೆಲೆ ಜನರ ನೆನಪಿನಲ್ಲಿ ಅಲ್ಲೇ ನಿಲ್ಲುತ್ತದೆ. ಕಡಿಮೆ ಬೆಲೆಗಳ ಇತಿಹಾಸ ತೋರಿಸುವ ತಾಣಗಳಿವೆ, ನೆನಪು ಮಾಸಲು ಅವು ಬಿಡುವುದಿಲ್ಲ. ‘ಇದು ಹೇಗೂ ಬಂಡಲ್‌ಗೆ ಬರುತ್ತದೆ, ಕಾಯೋಣ’ ಎನ್ನುವ ಗಿರಾಕಿಗಳ ಒಂದು ಪೀಳಿಗೆಯೇ ಹೀಗೆ ತಯಾರಾಗಿದೆ.

ಅದರ ಮೇಲೆ ಹಿಂಬಾಗಿಲ ಮಾರುಕಟ್ಟೆ. ಎಂಟು ಕೀ ಕೊಂಡವರು ತಮಗೆ ಬೇಕಾದ ಎರಡನ್ನು ಹಾಕಿಕೊಂಡು ಆರನ್ನು ಮರುಮಾರಾಟದ ತಾಣಗಳಲ್ಲಿ ಮಾರುತ್ತಾರೆ. ಕದ್ದ ಕಾರ್ಡಿನಿಂದ ಕೊಂಡ ಕೀಗಳೂ ಅಲ್ಲೇ ಬಂದು ಬೆರೆಯುತ್ತವೆ. ಗೇಮು ಮಾಡಿದವರಿಗೆ ಇದರಿಂದ ಒಂದು ಕಾಸೂ ಇಲ್ಲ. 2016ರಲ್ಲಿ ಟೈನಿಬಿಲ್ಡ್ ಎಂಬ ಪಬ್ಲಿಷರ್ ಇಂಥ ಮರುಮಾರಾಟದ ತಾಣ ಜಿ2ಎ ಮೇಲೆ ಬಹಿರಂಗವಾಗಿ ಹರಿಹಾಯ್ದ ಪ್ರಕರಣ ದೊಡ್ಡ ಸುದ್ದಿಯಾಗಿತ್ತು. ಬಂಡಲ್ ಅಂಗಡಿಗಳು ಕೀಯನ್ನು ಬರಹದಲ್ಲಿ ಕೊಡುವ ಬದಲು ನೇರವಾಗಿ ಸ್ಟೀಮ್ ಖಾತೆಗೆ ಸೇರಿಸುವ ವ್ಯವಸ್ಥೆ ತಂದು ನೋಡಿದ್ದೂ ಇದನ್ನು ತಡೆಯಲೆಂದೇ.

ವಾಲ್ವ್ ಕೂಡ ಸುಮ್ಮನೆ ಕೂರಲಿಲ್ಲ. 2016ರ ಸೆಪ್ಟೆಂಬರಿನಿಂದ, ಕೀ ಹಾಕಿ ಗೇಮು ಪಡೆದವರ ವಿಮರ್ಶೆಗಳನ್ನು ಗೇಮಿನ ಒಟ್ಟು ಅಂಕಕ್ಕೆ ಲೆಕ್ಕ ಹಿಡಿಯುವುದನ್ನು ಸ್ಟೀಮ್ ನಿಲ್ಲಿಸಿತು. ಪುಕ್ಕಟೆ ಕೀ ಹಂಚಿ ಹೊಗಳಿಕೆ ಬರೆಸುವವರನ್ನು ತಡೆಯಲು ಹೀಗೆ ಮಾಡಿದೆವು ಎಂಬುದು ಕಾರಣ. ಕಾರಣ ನ್ಯಾಯವಾದದ್ದೇ. ಪರಿಣಾಮದಲ್ಲಿ, ಬೇರೆ ಅಂಗಡಿಯಲ್ಲಿ ಪೂರ್ತಿ ಹಣ ಕೊಟ್ಟು ಕೊಂಡವರ ಮಾತಿಗೂ ತೂಕ ಇಲ್ಲವಾಯಿತು. ತನ್ನ ಗೇಮಿನ ಅಂಕ ಮೇಲೇರಬೇಕೆಂದರೆ ಡೆವಲಪರ್‌ಗೆ ಈಗ ಸ್ಟೀಮಿನಲ್ಲೇ ಮಾರಾಟವಾಗುವುದು ಹೆಚ್ಚು ಲಾಭ. 2017ರಲ್ಲಿ ಇನ್ನೊಂದು ಬಿಗಿ: ಸ್ಟೀಮಿನಲ್ಲಿ ಅಷ್ಟೇನೂ ಮಾರಾಟವಿಲ್ಲದ ಗೇಮಿಗೆ ರಾಶಿರಾಶಿ ಕೀ ಕೇಳಿದರೆ ಕೊಡುವುದಿಲ್ಲ ಎಂದಿತು. ನಲ್ಲಿ ಮನೆಯೊಳಗೇ ಇದ್ದರೂ ಗೇಟ್‌ವಾಲ್ವ್ ಯಾರ ಕೈಯಲ್ಲಿದೆ ಎಂಬುದು ಆಗ ಎಲ್ಲರಿಗೂ ನೆನಪಾಯಿತು.

ಸ್ಟೀಮ್ ಇಲ್ಲದ ಬಂಡಲ್

ಹಾಗಾದರೆ ಸ್ಟೀಮ್ ಕೀ ಇಲ್ಲದೆ ಬಂಡಲ್ ನಡೆಯುವುದೇ ಇಲ್ಲವೇ? ನಡೆದಿದೆ. 2020ರ ಜೂನ್‌ನಲ್ಲಿ ಇಚ್ ಎಂಬ ಸ್ವತಂತ್ರ ಗೇಮುಗಳ ತಾಣ ಜನಾಂಗೀಯ ನ್ಯಾಯಕ್ಕಾಗಿ ಒಂದು ಬಂಡಲ್ ಮಾಡಿತು. ಕನಿಷ್ಠ ಬೆಲೆ 5 ಡಾಲರ್. ಶುರುವಾದಾಗ ಏಳುನೂರು ಚಿಲ್ಲರೆ ಗೇಮು ಇದ್ದದ್ದು ಮುಗಿಯುವ ಹೊತ್ತಿಗೆ 1700 ದಾಟಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಜನರಿಂದ 80 ಲಕ್ಷ ಡಾಲರಿಗೂ ಮಿಕ್ಕಿ ಸೇರಿ, ಅಷ್ಟೂ ದಾನಕ್ಕೆ ಹೋಯಿತು. 2022ರಲ್ಲಿ ಯುಕ್ರೇನಿಗಾಗಿ ಇದೇ ಬಗೆಯ ಬಂಡಲ್ 60 ಲಕ್ಷ ಡಾಲರ್ ದಾಟಿತು.

ಇಲ್ಲಿ ಹಣ ಕೊಟ್ಟದ್ದೂ ಇಚ್‌ಗೆ, ಗೇಮು ಸಿಕ್ಕಿದ್ದೂ ಇಚ್‌ನಲ್ಲೇ. ಇಷ್ಟಾಗಿಯೂ ಲೈಬ್ರರಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಸಾವಿರಾರು ಗೇಮು ಒಮ್ಮೆಲೇ ಸುರಿದರೆ ಲೈಬ್ರರಿಯೇ ಕಸದ ರಾಶಿಯಾಗುತ್ತದೆಂದು ಅವನ್ನು ತಾನಾಗಿ ಸೇರಿಸದೆ, ಬೇಕಾದ್ದನ್ನು ಒಂದೊಂದಾಗಿ ನೀವೇ ಹೋಗಿ ತೆಗೆದುಕೊಳ್ಳಬೇಕೆಂದು ತಾಣ ಏರ್ಪಾಡು ಮಾಡಿತು. ಗಿರಾಕಿಯನ್ನು ಕಟ್ಟಿಹಾಕಲು ಲೈಬ್ರರಿ ಉಬ್ಬಿಸುವುದೇ ರೂಢಿಯಾದ ಈ ವ್ಯಾಪಾರದಲ್ಲಿ ಉಲ್ಟಾ ನಡೆ ಅದು. ಆದರೆ ಅಲ್ಲಿ ಜನ ಕೊಂಡದ್ದು ಗೇಮಿಗಾಗಿ ಎನ್ನುವುದಕ್ಕಿಂತ ಕಾರಣಕ್ಕಾಗಿ. ವಾರವಾರವೂ ಅಂಥ ಕಾರಣ ಹುಟ್ಟುವುದಿಲ್ಲ, ಹುಟ್ಟಬಾರದು ಕೂಡ. ಹಾಗಾಗಿ ಇದನ್ನು ದಿನನಿತ್ಯದ ವ್ಯಾಪಾರಕ್ಕೆ ಮಾದರಿ ಎನ್ನಲು ನನಗೆ ಅಳುಕು.

ದಿನನಿತ್ಯದ ವ್ಯಾಪಾರದ ಕಡೆಗೆ ಹಂಬಲ್ ಬೇರೆ ದಾರಿಯಲ್ಲಿ ನಡೆದಿದೆ. 2013ರಲ್ಲಿ ಸ್ವಂತ ಅಂಗಡಿ, 2015ರಲ್ಲಿ ತಿಂಗಳಿಗೆ 12 ಡಾಲರಿನ ಚಂದಾ ಬಂಡಲ್, 2017ರಲ್ಲಿ ಗೇಮ್ ಸುದ್ದಿಯ ಕಂಪನಿ ಐಜಿಎನ್ ಹಂಬಲ್ ಅನ್ನು ಕೊಂಡುಕೊಂಡಿತು, 2019ರಲ್ಲಿ ಚಂದಾ ಯೋಜನೆಗೆ ‘ಹಂಬಲ್ ಚಾಯ್ಸ್’ ಎಂಬ ಹೊಸ ಹೆಸರು. ಹಣ ಹಂಚುವ ಗುಂಡಿಗಳನ್ನು 2021ರಲ್ಲಿ ತೆಗೆದುಹಾಕಲು ಹೊರಟಾಗ ಹಳಬರು ರೇಗಿದರು. ಗುಂಡಿಗಳು ಉಳಿದವು, ಆದರೆ ಹಂಬಲ್‌ಗೆ ಇಂತಿಷ್ಟು ಕನಿಷ್ಠ ಪಾಲು ಎಂಬ ಷರತ್ತು ಸೇರಿತು. ಕೀ ಇನ್ನೊಬ್ಬರದಾದ ಮೇಲೆ ಬಂಡಲ್ ಮಾರುವವರಿಗೆ ದಕ್ಕುವುದು ಆ ದಿನದ ಕಮಿಷನ್ ಮಾತ್ರ. ಅದನ್ನು ಬಿಟ್ಟುಕೊಡಲು ಅವರಿಗೂ ಆಗಲಿಲ್ಲ.

ಕೋರ್ಟಿಗೆ ಬಂದ ಪ್ರಶ್ನೆ

ಪುಕ್ಕಟೆ ಕೀಗೆ ವಾಲ್ವ್ ಇಟ್ಟಿರುವ ಷರತ್ತುಗಳಲ್ಲಿ ಒಂದು ಭಾರವಾದದ್ದು. ಬೇರೆಡೆ ಕೀ ಮಾರುವಾಗ ಸ್ಟೀಮ್ ಗಿರಾಕಿಗಳಿಗೆ ಅದಕ್ಕಿಂತ ಕೆಟ್ಟ ವ್ಯವಹಾರವಾಗಬಾರದು. ಬೇರೊಂದು ಅಂಗಡಿಯಲ್ಲಿ ರಿಯಾಯಿತಿ ಕೊಟ್ಟರೆ ಸಮಂಜಸವಾದ ಅವಧಿಯಲ್ಲಿ ಸ್ಟೀಮಿನಲ್ಲೂ ಅಂಥದ್ದೇ ಕೊಡಬೇಕು. ನನ್ನ ಕೀ ಪುಕ್ಕಟೆ ಪಡೆದು ನನಗಿಂತ ಅಗ್ಗಕ್ಕೆ ಮಾರುವುದು ಎಷ್ಟು ಸರಿ ಎಂದು ಕೇಳಿದರೆ ವಾಲ್ವ್ ಮಾತಿನಲ್ಲಿ ಹುರುಳಿದೆ. ಇನ್ನೊಂದು ಕಡೆಯಿಂದ ನೋಡಿ. ಕಡಿಮೆ ಕಮಿಷನ್ ಹಿಡಿಯುವ ಹೊಸ ಅಂಗಡಿ ಆ ಉಳಿತಾಯವನ್ನು ಬೆಲೆಯಲ್ಲಿ ಇಳಿಸಿ ಜನರನ್ನು ಸೆಳೆಯಬೇಕು. ಎಲ್ಲೆಡೆ ಒಂದೇ ಬೆಲೆ ಎಂದಾದರೆ ಆ ದಾರಿ ಮುಚ್ಚಿದಂತೆ. ಹಾಗಾದಾಗ ಅವರಿಗೆ ಉಳಿಯುವುದು ಪುಕ್ಕಟೆ ಹಂಚುವುದು, ಇಲ್ಲವೇ ಬೇರೆಲ್ಲೂ ಸಿಗದ ಗೇಮುಗಳನ್ನು ಹಣ ಕೊಟ್ಟು ಹಿಡಿದಿಡುವುದು. ಎಪಿಕ್ ಎರಡನ್ನೂ ಮಾಡಿದೆ.

ಈ ಷರತ್ತು ಕೀಗಳಿಗೆ ಮಾತ್ರವೇ, ಸ್ಟೀಮಿನ ಕೀ ಇಲ್ಲದೆ ಮಾರುವ ಪ್ರತಿಗಳಿಗೂ ಅನ್ವಯವೇ ಎಂಬುದರ ಮೇಲೆ 2021ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಫೆಡರಲ್ ಕೋರ್ಟಿನಲ್ಲಿ ವಾಲ್ವ್ ವಿರುದ್ಧ ಮೊಕದ್ದಮೆ ಬಿತ್ತು. ಓವರ್‌ಗ್ರೋತ್ ಎಂಬ ತಮ್ಮ ಗೇಮನ್ನು ಬೇರೊಂದು ಅಂಗಡಿಯಲ್ಲಿ, ಸ್ಟೀಮ್ ಕೀ ಇಲ್ಲದೆಯೇ, ಕಡಿಮೆ ಬೆಲೆಗೆ ಮಾರಿದರೂ ಸ್ಟೀಮಿನಿಂದ ತೆಗೆದುಹಾಕುತ್ತೇವೆ ಎಂದು ತಮಗೆ ಹೇಳಲಾಯಿತು ಎಂಬುದು ದೂರಿದವರ ಆರೋಪ. ವಾಲ್ವ್ ಆರೋಪವನ್ನು ಅಲ್ಲಗಳೆದಿದೆ. 2021ರ ನವೆಂಬರಿನಲ್ಲಿ ದಾವೆ ವಜಾ ಆಯಿತು, ತಿದ್ದಿ ಮತ್ತೆ ಹಾಕಿದ್ದನ್ನು 2022ರಲ್ಲಿ ಕೋರ್ಟು ಭಾಗಶಃ ಒಪ್ಪಿತು, 2024ರ ನವೆಂಬರಿನಲ್ಲಿ ಅದಕ್ಕೆ ಸಾಮೂಹಿಕ ದಾವೆಯ ಮಾನ್ಯತೆ ಸಿಕ್ಕಿತು. 2017ರ ಜನವರಿ ಕೊನೆಯಿಂದೀಚೆಗೆ ಸ್ಟೀಮಿಗೆ ಕಮಿಷನ್ ತೆತ್ತ ಡೆವಲಪರ್‌ಗಳು, ಪಬ್ಲಿಷರ್‌ಗಳು ಆ ಗುಂಪಿಗೆ ಸೇರುತ್ತಾರೆ.

ಮೊದಲು ದಾವೆ ಹೂಡಿದವರಲ್ಲಿ ಇದ್ದ ಕಂಪನಿ ವುಲ್ಫೈರ್ ಗೇಮ್ಸ್. 2010ರ ಮೇ ತಿಂಗಳಲ್ಲಿ ಐದು ಗೇಮುಗಳ ಆ ಮೊದಲ ಗಂಟು ಕಟ್ಟಿದವರು.